ಸಾಕ್ಷಿ ಒಂದು ನಿಮಿಷ ಸುಮ್ಮನಿದ್ದರು

"ಮೇಡಂ, ಈ ಸಾಕ್ಷಿ ಅಂದ್ರೆ ಯಾರು?"

ಅವನ ದನಿಯನ್ನು ನಾನು ಮೊದಲು ಕೇಳಿದ್ದು ಹೀಗೆ. ಫೋನಿನಲ್ಲಿ, ಬೆಳಿಗ್ಗೆ, ನನ್ನ ಬಾಯಿ ತುಂಬ ಬಿಸ್ಕತ್ತು ಇದ್ದಾಗ.

"ಯಾವ ಸಾಕ್ಷಿ?" ಎಂದೆ ಹೇಗೋ ನುಂಗಿಕೊಂಡು.

"ಅದನ್ನೇ ನಾನೂ ಕೇಳ್ತಿರೋದು. ನೀವು ಕಳಿಸಿರೋ ಟ್ರಾನ್ಸ್‌ಕ್ರಿಪ್ಟ್ ನನ್ನ ಮುಂದಿದೆ. ಕೊಡೆ ರಿಪೇರಿ ಮಾಡೋ ಅಜ್ಜಿ ಮಾತಾಡ್ತಿದ್ದಾರೆ, ಆದ್ರೆ ಪಕ್ಕದಲ್ಲೆಲ್ಲ ‘ಸಾಕ್ಷಿ’ ಅಂತಿದೆ. ನಮ್ಮ ಡೈರೆಕ್ಟರ್‌ಗೆ ‘ವಕೀಲರು’ ಅಂತ ಹಾಕಿದ್ದೀರಿ. ಹನ್ನೆರಡನೇ ಪುಟ ಓದ್ತೀನಿ, ಕೇಳಿ. ‘ಈ ಹಂತದಲ್ಲಿ ಸಾಕ್ಷಿ ಒಂದು ನಿಮಿಷ ಸುಮ್ಮನಿದ್ದರು.’ ಕೊನೆಗೆ, ‘ಓದಿ ಹೇಳಲಾಯಿತು, ಸರಿ ಇದೆ ಎಂದು ಒಪ್ಪಿದರು.’ ಯಾರು ಓದಿ ಹೇಳಿದ್ರು ಮೇಡಂ? ಯಾರು ಒಪ್ಪಿದ್ರು?"

ಇಷ್ಟು ಹೇಳುವಷ್ಟರಲ್ಲಿ ಅವನಿಗೆ ನಗು ತಡೆಯಲಾಗಲಿಲ್ಲ. ಒಳ್ಳೆಯ ನಗು, ಹೊಟ್ಟೆಯಿಂದ ಬಂದದ್ದು. ನನಗೆ ಮಾತ್ರ ಕಿವಿಯವರೆಗೂ ಬಿಸಿಯಾಯಿತು.

ತಪ್ಪು ನನ್ನದಲ್ಲ, ನನ್ನ ಕೈಯದು. ಒಂಬತ್ತು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದೆ. ಮಾತು ಕಿವಿಗೆ ಬಿದ್ದರೆ ಸಾಕು, ತಲೆಗೆ ಹೋಗುವ ಮೊದಲೇ ಅದು ಶಾರ್ಟ್‌ಹ್ಯಾಂಡ್ ಆಗಿ ಪುಸ್ತಕಕ್ಕೆ ಇಳಿಯುತ್ತಿತ್ತು. ಆಮೇಲೆ ಕೋರ್ಟಿಗೆ ರೆಕಾರ್ಡಿಂಗ್ ಯಂತ್ರ ಬಂತು, ನನ್ನ ಗುತ್ತಿಗೆ ಮುಗಿಯಿತು. ಟಿ.ವಿ. ಸ್ಟುಡಿಯೋ ಒಂದರಲ್ಲಿ, ಶೂಟ್ ಮಾಡಿ ತಂದ ಮಾತನ್ನೆಲ್ಲ ಕೇಳಿ ಬರೆದುಕೊಡುವವರು ಬೇಕೆಂದು ತಿಳಿದು ಸೇರಿಕೊಂಡೆ. ಕಣ್ಮರೆಯಾಗುತ್ತಿರುವ ಕಸುಬುಗಳ ಬಗ್ಗೆ ಒಂದು ಸೀರಿಯಲ್ಲಂತೆ. ಕೊಡೆ ಅಜ್ಜಿ ನನ್ನ ಮೊದಲ ಟೇಪು.

ಹಾಗಂತ ಸುಲಭಕ್ಕೆ ಸೋಲೊಪ್ಪುವ ಜಾತಿ ನಾನಲ್ಲ.

"ಆಯ್ತು, ಸಾಕ್ಷಿ ತಪ್ಪು, ವಕೀಲರು ತಪ್ಪು" ಎಂದೆ. "ಆದ್ರೆ ಅಜ್ಜಿ ಒಂದು ನಿಮಿಷ ಸುಮ್ಮನಿದ್ದದ್ದು ಸುಳ್ಳಾ? ಗಡಿಯಾರ ನೋಡಿ ಎಣಿಸಿದ್ದೀನಿ."

"ಅಯ್ಯೋ, ಅದು ರೂಮ್ ಟೋನ್ ಮೇಡಂ!"

"ಹಂಗಂದ್ರೆ?"

"ಮಾತೆಲ್ಲ ಮುಗಿದ ಮೇಲೆ ಒಂದು ನಿಮಿಷ ಎಲ್ರೂ ಉಸಿರು ಬಿಗಿಹಿಡಿದು ನಿಲ್ತೀವಿ. ಖಾಲಿ ರೂಮಿಗೂ ಒಂದು ಸದ್ದಿರುತ್ತಲ್ಲ, ಫ್ಯಾನಿಂದು, ಗಾಳಿದು. ಅದನ್ನ ರೆಕಾರ್ಡ್ ಮಾಡ್ಕೊಂಡು, ಮಾತು ಕತ್ತರಿಸಿದ ಕಡೆ ತೇಪೆ ಹಾಕ್ತೀವಿ. ಪಾಪ, ಅಜ್ಜಿಗೆ ಆಗ ಯಾರೂ ಪ್ರಶ್ನೇನೇ ಕೇಳಿರಲಿಲ್ಲ."

ಆಮೇಲೆ ಅವನ ದನಿ ಸ್ವಲ್ಪ ಮೆತ್ತಗಾಯಿತು.

"ಒಂದು ಕೆಮ್ಮು, ಒಂದು ‘ಹಾಂ’ ಕೂಡ ಬಿಟ್ಟಿಲ್ಲ ನೀವು. ಹತ್ತು ವರ್ಷದಲ್ಲಿ ಇಂಥ ಟ್ರಾನ್ಸ್‌ಕ್ರಿಪ್ಟ್ ನೋಡಿಲ್ಲ. ‘ಸಾಕ್ಷಿ’ನ ತೆಗೀಬೇಡಿ, ಹಾಗೇ ಇರಲಿ. ಓದೋಕೆ ಮಜವಾಗಿದೆ."

ಫೋನಿಟ್ಟ ಮೇಲೆ ನೋಡಿದರೆ ಕೈಯಲ್ಲಿದ್ದ ಇನ್ನೊಂದು ಬಿಸ್ಕತ್ತು ಪುಡಿಯಾಗಿತ್ತು.

*

ಅವನು ಎಡಿಟರ್. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ‘ಕತ್ತರಿ’ ಎಂದೇ ಕರೆಯುತ್ತಾರೆ. ಎದುರಿಗೆ ನಾನು ‘ನೀವು’ ಎನ್ನುತ್ತಿದ್ದೆ, ಮನಸ್ಸಿನಲ್ಲಿ ‘ಅವನು’ ಎನ್ನುತ್ತಿದ್ದೆ. ಮನಸ್ಸಿನೊಳಗೆ ಯಾರು ಬಂದು ಕೇಳುತ್ತಾರೆ?

ವಾರಕ್ಕೆರಡು ಸಲ ಟೇಪು ತರಲು ಹೋಗುತ್ತಿದ್ದೆ. ಅವನ ಎಡಿಟಿಂಗ್ ರೂಮಿಗೆ ಕಿಟಕಿಯಿಲ್ಲ. ಗೋಡೆಗೆ ಹಳೆಯ ಕಾರ್ಪೆಟ್ಟು ಹೊಡೆದಿದ್ದಾರೆ, ಎರಡು ಪರದೆ, ಕೈ ಮುರಿದು ಟೇಪು ಸುತ್ತಿಸಿಕೊಂಡ ಒಂದು ಕುರ್ಚಿ. ಎಲ್ಲ ಕೆಲಸ ಕಂಪ್ಯೂಟರಿನಲ್ಲೇ ಆದರೂ ಕಿವಿಯ ಮೇಲೊಂದು ಪೆನ್ಸಿಲ್ ಇದ್ದೇ ಇರುತ್ತದೆ.

ಅವನ ನೋಟದ ಬಗ್ಗೆ ಹೇಳಲೇಬೇಕು. ದಿನವಿಡೀ ಪರದೆಯ ಮೇಲೆ ಮುಖಗಳನ್ನೇ ನೋಡಿ ಅವನಿಗೊಂದು ಚಾಳಿ. ಯಾರನ್ನೇ ನೋಡಿದರೂ, ಕತ್ತರಿಸುವ ಜಾಗ ಸಿಗುವವರೆಗೆ ಕಣ್ಣು ತೆಗೆಯುವುದಿಲ್ಲ. ನನ್ನ ವಿಷಯದಲ್ಲಿ ಆ ಜಾಗ ಸಿಗುವುದು ಬಹಳ ತಡವಾಗುತ್ತಿತ್ತು. ನಾನು ಟೇಪಿನ ಲೇಬಲ್ಲನ್ನು ಓದುವ ಹಾಗೆ ನಟಿಸುತ್ತಿದ್ದೆ. ‘ಟೇಪ್ ಆರು’ ಎಂಬ ಎರಡು ಪದವನ್ನು ಒಮ್ಮೆ ಪೂರಾ ಒಂದು ನಿಮಿಷ ಓದಿದ್ದೇನೆ.

"ಹೇಗಿದ್ದೀರಿ ಸಾಕ್ಷಿ ಮೇಡಂ?" ಎಂದು ಅವನು ಕೇಳುತ್ತಿದ್ದ.

"ಟೇಪ್ ಆರು ಸಿಕ್ತು" ಎನ್ನುತ್ತಿದ್ದೆ.

ನನ್ನ ಕಾಯಿಲೆಯೇ ಅದು. ಅಲ್ಪವಿರಾಮದ ಬಗ್ಗೆ ಕೇಳಿ, ಸಂಜೆವರೆಗೆ ಜಗಳವಾಡುತ್ತೇನೆ. ನನ್ನ ಬಗ್ಗೆ ಕೇಳಿದರೆ ನಾಲಿಗೆಗೆ ಬೀಗ. ಬದುಕಿಡೀ ಬೇರೆಯವರ ಮಾತು ಬರೆದವಳಿಗೆ ಸ್ವಂತ ಮಾತನ್ನು ಎಲ್ಲಿಂದ ಶುರು ಮಾಡಬೇಕೆಂದೇ ಗೊತ್ತಿರಲಿಲ್ಲ.

ಒಂದು ದಿನ ಅವನು ಯಾವುದೋ ದೃಶ್ಯದ ಬಗ್ಗೆ ಹೇಳುತ್ತಾ ಹೇಳುತ್ತಾ ಥಟ್ಟನೆ ನಿಲ್ಲಿಸಿದ. ಕಣ್ಣು ನನ್ನ ಬಲಗೈಯ ಮೇಲಿತ್ತು.

"ಮೇಜಿನ ಮೇಲೆ ಬೆರಳಲ್ಲಿ ಏನ್ ಬರೀತಿದ್ದೀರಿ?"

ಸಿಕ್ಕಿಬಿದ್ದೆ. ಶಾರ್ಟ್‌ಹ್ಯಾಂಡ್ ಕಲಿತವರೆಲ್ಲರಿಗೂ ಇರುವ ಚಟ ಅದು. ಕೇಳಿದ್ದನ್ನೆಲ್ಲ ಬೆರಳು ಮೇಜಿನ ಮೇಲೋ ತೊಡೆಯ ಮೇಲೋ ಗೀಚುತ್ತಲೇ ಇರುತ್ತದೆ.

"ನೀವು ಹೇಳಿದ್ದೇ" ಎಂದೆ.

"ಇಷ್ಟು ದಿನ ನಾನು ಹೇಳಿದ್ದೆಲ್ಲಾನೂ?"

"ಎಲ್ಲಾನೂ."

ಅವನ ಮುಖ ಕೆಂಪಾಯಿತು. ಮುಖ ಕೆಂಪಾಗುವ ಗಂಡಸರು ನನಗೆ ಇಷ್ಟ ಎಂದು ಆವತ್ತೇ ನನಗೆ ಗೊತ್ತಾದದ್ದು.

"ಹಾಗಾದ್ರೆ ನನಗೂ ಕಲಿಸಿ. ಜಾಸ್ತಿ ಬೇಡ, ಎರಡೇ ಪದ. ‘ಹೌದು’, ‘ಇಲ್ಲ’. ಅಷ್ಟಿದ್ರೆ ಬದುಕು ಸಾಗುತ್ತೆ."

ಅವನ ಪೆನ್ಸಿಲ್ ತೆಗೆದುಕೊಂಡು ಬರೆದು ತೋರಿಸಿದೆ. ‘ಇಲ್ಲ’ ಬೇಗ ಬಂತು. ‘ಹೌದು’ ಮಾತ್ರ ಹತ್ತು ಸಲ ಬರೆದರೂ ಕಿವಿ ಮುರಿದ ಟೀ ಕಪ್ಪಿನ ಹಾಗೇ ಇತ್ತು. ಅದನ್ನೇ ಪರದೆಯ ಅಂಚಿಗೆ ಅಂಟಿಸಿಕೊಂಡ. ಆವತ್ತು ಮನೆಗೆ ಹೋಗುವ ಬಸ್ಸನ್ನು ಬಿಟ್ಟು ನಾನು ನಡೆದೇ ಹೋದೆ. ಬಸ್ಸಿನಲ್ಲಿ ಕೂತರೆ ಒಬ್ಬಳೇ ನಗುವುದನ್ನು ಜನ ನೋಡುತ್ತಾರಲ್ಲ.

*

ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಔಷಧಿ ಅಂಗಡಿಯೊಂದರ ಮೇಲಿನ ಎರಡು ಕೋಣೆ ನಮ್ಮದು. ಅಪ್ಪ ನಲವತ್ತು ವರ್ಷ ಅದೇ ಕೋರ್ಟಿನ ಸ್ಟೆನೋ. ನನಗೆ ಶಾರ್ಟ್‌ಹ್ಯಾಂಡಿನ ಗೆರೆ ಎಳೆಯಲು ಕಲಿಸಿದವರು ಅವರೇ. ನಾನು ಬರೆದದ್ದನ್ನು ನನ್ನ ಬಿಟ್ಟರೆ ಓದಬಲ್ಲವರು ಜಗತ್ತಿನಲ್ಲಿ ಅವರೊಬ್ಬರೇ.

ನಮ್ಮ ಕೆಲಸದ ಕ್ರಮ ಹೀಗೆ. ಹಗಲು ನಾನು ಹೆಡ್‌ಫೋನ್ ಹಾಕಿಕೊಂಡು ಟೇಪನ್ನು ಎಲ್ಲೂ ನಿಲ್ಲಿಸದೆ ಕೇಳುತ್ತಾ ಶಾರ್ಟ್‌ಹ್ಯಾಂಡಿನಲ್ಲಿ ಪುಸ್ತಕಕ್ಕೆ ಇಳಿಸುತ್ತೇನೆ. ಸಂಜೆ ಅಪ್ಪ ಆ ಪುಸ್ತಕ ನೋಡಿ ಟೈಪ್ ಮಾಡುತ್ತಾರೆ. ಬೆಳಿಗ್ಗೆ ಏಳಕ್ಕೆ, ತಮ್ಮ ವಾಕಿಂಗಿಗೆ ಮುಂಚೆ, ಸ್ಟುಡಿಯೋಕ್ಕೆ ಮೇಲ್ ಮಾಡುತ್ತಾರೆ. ರಿಟೈರ್ ಆದ ಮೇಲೆ ಅಪ್ಪ ಇಷ್ಟು ಖುಷಿಯಾಗಿದ್ದುದನ್ನು ನಾನು ಕಂಡಿರಲಿಲ್ಲ. ಅವರದು ಒಂದೇ ನಿಯಮ. ಕೇಳಿದ್ದನ್ನು ಬಿಡಬಾರದು, ಕೇಳದ್ದನ್ನು ಸೇರಿಸಬಾರದು. ನ್ಯಾಯಾಧೀಶರೇ ಒಮ್ಮೆ, ಈ ಸಾಲು ಬಿಟ್ಟುಬಿಡಿ ಅಂದದ್ದಕ್ಕೆ, ‘ಬಿಡಿ ಎಂದು ಹೇಳಿದರು’ ಎಂಬುದನ್ನೂ ಸೇರಿಸಿ ಟೈಪ್ ಮಾಡಿದ ಪುಣ್ಯಾತ್ಮ ನಮ್ಮಪ್ಪ.

ಆ ಗುರುವಾರ ನನ್ನ ಕೈಯಲ್ಲಿದ್ದದ್ದು ಗಡಿಯಾರ ರಿಪೇರಿಯ ಅಜ್ಜನ ಟೇಪು. ಕ್ಯಾಮೆರಾದವನಿಗೆ ಜ್ವರ ಬಂದಿದ್ದರಿಂದ ಆ ಬೆಳಗಿನ ಶೂಟಿಂಗಿಗೆ ಕತ್ತರಿಯೇ ಹೋಗಿದ್ದ. ಜೊತೆಗೆ ಸೌಂಡ್ ರೆಕಾರ್ಡಿಸ್ಟ್ ಬೂಮಣ್ಣ. ಉದ್ದ ಕೋಲಿನ ತುದಿಗೆ ಮೈಕು ಸಿಕ್ಕಿಸಿ ಮೂವತ್ತು ವರ್ಷ ಹಿಡಿದು ನಿಂತವರಿಗೆ ಬಂದ ಹೆಸರದು. ಅಜ್ಜ ಚೆನ್ನಾಗಿ ಮಾತಾಡಿದ್ದರು. ಮಾತು ಮುಗಿಯಿತು. ಬೂಮಣ್ಣ "ರೂಮ್ ಟೋನ್" ಎಂದು ಕೂಗಿದರು. ಒಂದು ನಿಮಿಷ ಬರೀ ಗಡಿಯಾರಗಳ ಟಿಕ್ ಟಿಕ್.

ನಿಮಿಷ ಮುಗಿಯಿತು. ಅಜ್ಜನ ಚಪ್ಪಲಿಯ ಸದ್ದು ಬಾಗಿಲಾಚೆ ಹೋಯಿತು. ರೆಕಾರ್ಡರ್ ನಿಲ್ಲಲಿಲ್ಲ.

"ನಾಳೆ ಹನ್ನೆರಡಕ್ಕೆ ತಾನೆ ನೀನು ಸಿನಿಮಾದವರಿಗೆ ಹೇಳ್ಬೇಕಾಗಿರೋದು?" ಬೂಮಣ್ಣನ ದನಿ.

"ಹೂಂ." ಇದು ಅವನು.

"ಅದರಲ್ಲಿ ಯೋಚನೆ ಮಾಡೋದೇನಿದೆಯೋ? ನಿನ್ನ ಮೊದಲನೇ ಸಿನಿಮಾ. ಒಂದೂವರೆ ವರ್ಷ ಅಲ್ಲೇ ಕೆಲಸ. ಇದಕ್ಕೇ ಅಲ್ವಾ ಇಷ್ಟು ದಿನ ಬಾಯಿ ಬಾಯಿ ಬಿಡ್ತಿದ್ದದ್ದು?"

"ಆ ಊರು ಎಂಟು ಗಂಟೆ ದಾರಿ ಅಣ್ಣಾ."

"ಅದಕ್ಕೆ?"

"ಅಲ್ಲಿ ಯಾರೂ ‘ಸಾಕ್ಷಿ’ ಅಂತ ಬರೆದು ಕಳಿಸಲ್ಲ."

ಟಿಕ್ ಟಿಕ್. ನನ್ನ ಪೆನ್ನು ಬರೆಯುತ್ತಲೇ ಇತ್ತು. ಎದೆ ಮಾತ್ರ ಗಡಿಯಾರಗಳನ್ನು ಹಿಂದೆ ಹಾಕಿ ಓಡತೊಡಗಿತ್ತು.

"ಓಹೋ! ಹೀಗೋ ಸಮಾಚಾರ. ಆ ಹುಡುಗಿಗೆ ಹೇಳಿದ್ಯಾ?"

"ಏನಂತ ಹೇಳ್ಲಿ? ಅವರು ಬರೋ ದಿನ ಎರಡು ಸಲ ತಲೆ ಬಾಚ್ತೀನಿ ಅಂತ್ಲಾ? ಅವರು ಬರದಿರೋ ದಿನ ಒಂದೇ ಶಾಟನ್ನ ನಲವತ್ತು ಸಲ ನೋಡ್ತೀನಿ ಅಂತ್ಲಾ? ನನಗೆ ಅವರಂದ್ರೆ ಪ್ರಾಣ ಅಣ್ಣಾ. ಆದ್ರೆ ಅವರು ತಮ್ಮ ಬಗ್ಗೆ ಒಂದು ಮಾತು ಆಡಲ್ಲ. ನಾನು ಹೋಗ್ಲಾ ಬೇಡ್ವಾ ಅಂತ ಕೇಳಿದೆ ಅಂದ್ಕೋ. ನನ್ನ ಪ್ರಶ್ನೆನ ನೀಟಾಗಿ ಬರ್ಕೊಂಡು, ಕೆಳಗೆ ‘ಸಾಕ್ಷಿ ಒಂದು ನಿಮಿಷ ಸುಮ್ಮನಿದ್ದರು’ ಅಂತ ಹಾಕ್ತಾರೆ."

"ನಡಿ ನಡಿ, ಟೀ ಕುಡಿದು ಮಾತಾಡೋಣ." ಟಕ್. ಸದ್ದು ನಿಂತಿತು.

ಹೆಡ್‌ಫೋನಿನಲ್ಲಿ ಈಗ ಏನೂ ಇಲ್ಲ. ನನ್ನ ಕೈ ಮಾತ್ರ ನಿಲ್ಲಲಿಲ್ಲ. ಯಾರೂ ಆಡದ ಮಾತನ್ನು ಬದುಕಿನಲ್ಲಿ ಮೊದಲ ಬಾರಿ ಬರೆಯತೊಡಗಿತು. ‘ಸ್ಟೆನೋ’ ಎಂದು ಹಾಕಿ, ಪಕ್ಕದಲ್ಲಿ ಐದಾರು ಸಾಲು, ಒಂದೇ ಉಸಿರಿಗೆ. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟೆ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು, ನಮ್ಮ ಬೀದಿಯನ್ನು ಮೂರು ಸುತ್ತು ಹಾಕಿದೆ. ಔಷಧಿ ಅಂಗಡಿಯವರು "ಏನಮ್ಮಾ, ಏನಾದ್ರೂ ಕಳೀತಾ?" ಎಂದು ಕೇಳಿದರು. "ಇಲ್ಲ, ಸಿಕ್ತು" ಎಂದು ಹೇಳಿ ಓಡಿದೆ.

ವಾಪಸು ಬಂದಾಗ ಅಪ್ಪ ಟೈಪ್ ಮಾಡುತ್ತಿದ್ದರು. ಹಿಂದಿನ ದಿನದ ಪುಸ್ತಕ ಇನ್ನೂ ಮುಗಿದಿಲ್ಲ ಎಂದುಕೊಂಡೆ. ಆ ಒಂದು ಪುಟವನ್ನು ಬೆಳಿಗ್ಗೆ ಎದ್ದು ಹರಿದಿಟ್ಟುಕೊಳ್ಳೋಣ ಎಂದುಕೊಂಡು ಮಲಗಿದೆ. ಇಂಥ ಪೆದ್ದಿಯನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

*

ಬೆಳಿಗ್ಗೆ ತಡವಾಗಿ ಎದ್ದು, ಒಂಬತ್ತರ ಹೊತ್ತಿಗೆ ಮೇಜಿನ ಮುಂದೆ ನಿಂತೆ. ಗಡಿಯಾರ ಅಜ್ಜನ ಪುಸ್ತಕದ ಕೊನೆಯ ಪುಟದ ಮೂಲೆಯಲ್ಲಿ ಅಪ್ಪನ ಕೆಂಪು ಟಿಕ್ ಮಾರ್ಕು. ಟೈಪ್ ಆಯಿತು, ಕಳಿಸಿ ಆಯಿತು ಎಂದು ಅದರರ್ಥ.

"ಅಪ್ಪಾ!"

ಅಪ್ಪ ವಾಕಿಂಗ್ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದರು. ನನ್ನ ಕೂಗಿಗೆ ಒಂದು ಶೂ ಕೈಯಲ್ಲೇ ಉಳಿಯಿತು.

"ಇದನ್ನ ಕಳಿಸಿಬಿಟ್ರಾ?"

"ಏಳಕ್ಕೇ ಕಳಿಸಿದೆ. ಯಾಕೆ, ಟೈಪಿಂಗ್ ತಪ್ಪಾ?"

"ಕೊನೇ ಪುಟ... ಕೊನೇಲಿ ಇತ್ತಲ್ಲ, ಅದನ್ನೂ?"

"ಪುಸ್ತಕದಲ್ಲಿ ಇತ್ತು, ಟೈಪ್ ಮಾಡಿದೆ. ನಲವತ್ತೊಂದನೇ ಪುಟ."

"ಅದು ಟೇಪಲ್ಲಿ ಇರಲಿಲ್ಲ ಅಪ್ಪಾ! ಅದು ನನ್ನ ಸ್ವಂತದ್ದು!"

"ಗೊತ್ತು" ಎಂದರು ಅಪ್ಪ.

ಅಪ್ಪ ಶೂವನ್ನು ನಿಧಾನವಾಗಿ ಬಾಗಿಲ ಪಕ್ಕ ಇಟ್ಟರು.

"ಒಂಬತ್ತು ವರ್ಷದಿಂದ ನಿನ್ನ ಪುಸ್ತಕ ಓದ್ತಿದ್ದೀನಿ ಮಗಳೇ. ಕಳ್ಳರ ಮಾತು ಬರೆದಿದ್ದೀಯ, ಪೊಲೀಸರ ಮಾತು ಬರೆದಿದ್ದೀಯ, ಗಂಡ ಹೆಂಡಿರ ಜಗಳ ಬರೆದಿದ್ದೀಯ. ನಿನ್ನ ಮಾತು ಅಂತ ಅದರಲ್ಲಿ ಬಂದದ್ದು ಇದೇ ಮೊದಲು. ಅದನ್ನ ಹೇಗಮ್ಮಾ ಬಿಡ್ಲಿ?"

ಬಂದ ಕೋಪ ಕರಗಿ ಕಣ್ಣಿಗೆ ಬಂತು. ಅಷ್ಟರಲ್ಲಿ ಫೋನು. ಡೈರೆಕ್ಟರ್ ಅಕ್ಕ. ಟ್ರಾನ್ಸ್‌ಕ್ರಿಪ್ಟ್ ಬಂದ ದಿನ ಅವರು ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಗಟ್ಟಿಯಾಗಿ ಓದಿಸುವುದು ರೂಢಿ. ಯಾವ ಮಾತು ಇಟ್ಟುಕೊಳ್ಳಬೇಕು, ಯಾವುದು ಬೇಡ ಎಂದು ತೀರ್ಮಾನವಾಗುವುದು ಹಾಗೆ.

"ನಲವತ್ತೊಂದನೇ ಪುಟ ಓದಿದ್ವಿ" ಎಂದರು ಅಕ್ಕ. ಅವರ ಹಿಂದೆ ಯಾರೋ ಶಿಳ್ಳೆ ಹೊಡೆದರು. "ಎರಡು ಸಲ ಓದಿಸಿದೆ ಕಣೇ. ಇದನ್ನ ಕತ್ತರಿಸೋ ಮಾತೇ ಇಲ್ಲ."

ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ ಅನ್ನಿಸಿತು. "ಅವರು... ಅವರೂ ಇದ್ರಾ?"

"ಕತ್ತರೀನಾ? ಇಲ್ಲ. ಬೆಳಿಗ್ಗೆನೇ ಗಡಿಯಾರದಂಗಡಿಗೆ ಹೋದ, ಉಳಿದಿರೋ ಶಾಟ್ ತೆಗೆಯೋಕೆ. ಪ್ರಿಂಟ್ ಮಡಚಿ ಜೇಬಿಗೆ ಹಾಕ್ಕೊಂಡ, ಓದಿದ್ನೋ ಇಲ್ವೋ ದೇವರಿಗೇ ಗೊತ್ತು. ಹನ್ನೆರಡಕ್ಕೆ ಸಿನಿಮಾದವರಿಗೆ ಫೋನ್ ಮಾಡ್ಬೇಕಂತೆ. ಬರಲ್ಲ ಅಂತ ಹೇಳ್ತೀನಿ ಅಂತಿದ್ದ ಪೆದ್ದು."

"ಬರಲ್ಲ ಅಂತಾನಾ?" ಮನಸ್ಸಿನಲ್ಲಿದ್ದ ‘ಅವನು’ ಮೊದಲ ಸಲ ಬಾಯಿಂದ ಹೊರಗೆ ಬಿದ್ದಿತ್ತು.

"ಹೂಂ. ಸಾಕ್ಷಿ ಹೇಳ್ದೆ ಕೇಸು ನಡೆಯಲ್ಲ ಅಂತ ಏನೇನೋ ಗೊಣಗ್ತಿದ್ದ."

ಆ ಸಿನಿಮಾ ಅವನ ಕನಸು. ಎಡಿಟಿಂಗ್ ರೂಮಿನ ಗೋಡೆಯಲ್ಲಿ ಕಾರ್ಪೆಟ್ಟಿನ ಮೇಲೆ ಅವನು ಗುಂಡುಪಿನ್ನು ಚುಚ್ಚಿ ಇಟ್ಟುಕೊಂಡಿದ್ದ ಒಂದೇ ಒಂದು ಪತ್ರ ಆ ನಿರ್ದೇಶಕರದು. ನಾನು ಬಾಯಿ ಬಿಡದೆ ಇದ್ದುದಕ್ಕೆ ಅವನು ಅದನ್ನು ಕೈಬಿಟ್ಟರೆ, ನಾಳೆ ಯಾವ ಮುಖ ಇಟ್ಟುಕೊಂಡು ಅವನೆದುರು ಕೂರಲಿ? ಫೋನು ಮಾಡಿದೆ. ಶೂಟಿಂಗಿನಲ್ಲಿ ಎಲ್ಲರ ಫೋನೂ ಆಫ್.

ಹಲ್ಲುಜ್ಜಿ ಮುಖ ತೊಳೆದದ್ದಷ್ಟೇ ನೆನಪು. ತಿಂಡಿ ಇಲ್ಲ. ಎರಡು ಬಸ್ಸು ಬದಲಿಸಬೇಕು, ಮೊದಲನೆಯದು ಕೆಟ್ಟು ನಿಂತಿತು. ಮುಂದಿನದು ಬರುವಷ್ಟರಲ್ಲಿ ಹನ್ನೊಂದೂಕಾಲು. ಕಿಟಕಿಯ ಪಕ್ಕ ಕೂತು, ಹೇಳಬೇಕಾದದ್ದನ್ನೆಲ್ಲ ಬೆರಳಲ್ಲಿ ತೊಡೆಯ ಮೇಲೆ ಬರೆದುಕೊಂಡೆ, ಅಳಿಸಿದೆ, ಮತ್ತೆ ಬರೆದೆ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತರು.

*

ಗಡಿಯಾರದಂಗಡಿ ಒಂದು ಓಣಿಯ ಕೊನೆಯಲ್ಲಿದೆ. ಓಣಿಯುದ್ದಕ್ಕೂ ಓಡಿದೆ. ಕೂದಲು ಬಿಚ್ಚಿಹೋಗಿತ್ತು, ಒಂದು ಚಪ್ಪಲಿಯ ಪಟ್ಟಿ ಕಿತ್ತಿತ್ತು. ಬಾಗಿಲು ತಳ್ಳಿ, "ನೋಡಿ, ನೀವು" ಎಂದು ಶುರು ಮಾಡಿದೆನೋ ಇಲ್ಲವೋ,

"ರೂಮ್ ಟೋನ್!" ಎಂದು ಕೂಗಿದರು ಬೂಮಣ್ಣ.

ಎಲ್ಲರೂ ನಿಂತಲ್ಲೇ ನಿಂತರು. ನಾನೂ. ಒಂದು ಕಾಲು ಹೊಸ್ತಿಲೊಳಗೆ, ಒಂದು ಹೊರಗೆ.

ಅವನು ಕೋಣೆಯ ಆ ತುದಿಯಲ್ಲಿ ಕ್ಯಾಮೆರಾದ ಪಕ್ಕ ಇದ್ದ. ಕಿವಿಯ ಮೇಲೆ ಪೆನ್ಸಿಲ್. ಜೇಬಿನಲ್ಲಿ ಮಡಚಿದ ಕಾಗದ. ನಮ್ಮಿಬ್ಬರ ನಡುವೆ ಗಡಿಯಾರ ಅಜ್ಜ, ಎರಡು ಲೈಟು, ಗೋಡೆ ತುಂಬ ಗಡಿಯಾರ. ಎಲ್ಲವೂ ಹನ್ನೆರಡಕ್ಕೆ ಒಂದೆರಡು ನಿಮಿಷ ಬಾಕಿ ಎಂದು ತೋರಿಸುತ್ತಿದ್ದವು.

ಬದುಕಿನಲ್ಲಿ ಮೊದಲ ಸಲ ನಾನಾಗಿ ಮಾತಾಡಲು ಬಂದಿದ್ದೆ. ಮೊದಲ ಸಲವೇ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರಬೇಕಾಯಿತು.

ಓದಿದ್ದೀರಾ ಎಂದು ಕಣ್ಣಿನಲ್ಲೇ ಕೇಳಿದೆ. ಅವನು ನೋಡಿದ. ಅದೇ ನೋಟ, ಕತ್ತರಿಸುವ ಜಾಗ ಸಿಗದ ನೋಟ. ಈ ಸಲ ಓದುವುದಕ್ಕೆ ನನ್ನ ಕೈಯಲ್ಲಿ ಲೇಬಲ್ಲೂ ಇರಲಿಲ್ಲ. ನಾನೂ ಕಣ್ಣು ತೆಗೆಯಲಿಲ್ಲ. ಮೊದಲು ಅವನ ಕಿವಿ ಕೆಂಪಾಯಿತು, ಆಮೇಲೆ ಕೆನ್ನೆ, ಆಮೇಲೆ ಕತ್ತು. ನಾನು ಒಂದೊಂದನ್ನೂ ಎಣಿಸಿದೆ.

ಅವನು ಸದ್ದಾಗದ ಹಾಗೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಜೇಬಿನ ಕಾಗದ ತೆಗೆದ. ಅದರ ಹಿಂಬದಿಯಲ್ಲಿ ಏನನ್ನೋ ಬರೆದು ನನ್ನ ಕಡೆ ತಿರುಗಿಸಿದ.

ಕಿವಿ ಮುರಿದ ಕಪ್ಪು. ‘ಹೌದು’.

ಓದಿದ್ದೇನೆ ಎಂಬ ಹೌದೋ? ಸಿನಿಮಾದವರಿಗೆ ಹೌದು ಎಂದೋ? ನನಗೋ? ತಡೆಯಲಾರದೆ ಬಾಗಿಲ ಚೌಕಟ್ಟಿನ ಮೇಲೆ ಬೆರಳಲ್ಲಿ ಬರೆದು ಕೇಳಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿ, ತಲೆ ಅಲ್ಲಾಡಿಸಿದ. ಪಾಪ, ಅವನಿಗೆ ಬರುತ್ತಿದ್ದದ್ದು ಎರಡೇ ಪದ. ಗಡಿಯಾರ ಅಜ್ಜ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿ, ನಗು ತಡೆಯಲು ತಮ್ಮ ಮೀಸೆಯನ್ನು ಕೈಯಿಂದ ಮುಚ್ಚಿಕೊಂಡರು.

"ಸಾಕು" ಎಂದರು ಬೂಮಣ್ಣ.

ಅಷ್ಟು ಹೊತ್ತಿಗೆ ಮೊದಲ ಗಡಿಯಾರ ಹನ್ನೆರಡು ಹೊಡೆಯತೊಡಗಿತು. ಅದು ಮುಗಿಸುವ ಮೊದಲೇ ಇನ್ನೊಂದು, ಮತ್ತೊಂದು, ಗೋಡೆಗೆ ಗೋಡೆಯೇ ಢಣಢಣ ಎನ್ನತೊಡಗಿತು. ಆ ಗದ್ದಲದ ನಡುವೆ ನಾನು ಕೂಗಿದೆ.

"ಹನ್ನೆರಡಾಯ್ತು! ಸಿನಿಮಾಗೆ ಬರ್ತೀನಿ ಅಂತ ಹೇಳಿ!"

"ಆಗಲೇ ಹೇಳ್ದೆ!" ಅವನೂ ಕೂಗಿದ. "ಹನ್ನೊಂದಕ್ಕೇ! ಟೀಗೆ ಬಿಟ್ಟಾಗ, ನಲವತ್ತೊಂದನೇ ಪುಟ ಓದಿದ ತಕ್ಷಣ!"

ಅವನು ಲೈಟಿನ ವೈರುಗಳನ್ನು ದಾಟಿಕೊಂಡು ನನ್ನ ಹತ್ತಿರ ಬಂದ. ಕಾಗದ ಬಿಚ್ಚಿದ. ಅಪ್ಪನ ನೀಟಾದ ಟೈಪು, ಒಂದು ಚುಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಡಿಯಾರಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದ ಹಾಗೆ ಅವನು ಓದಿದ.

"‘ಸ್ಟೆನೋ: ನಾನು ಸುಮ್ಮನಿರಲ್ಲ. ನೀವು ಹೋಗಿ. ಆ ಸಿನಿಮಾನ ನೀವೇ ಮಾಡ್ಬೇಕು. ಆದ್ರೆ ನನ್ನ ಕೇಳದೆ ಹೋಗ್ಬೇಡಿ. ನನಗೂ ನೀವಂದ್ರೆ ಪ್ರಾಣ. ಮೊದಲನೇ ದಿನ ಫೋನಲ್ಲಿ ನಕ್ಕಿರಲ್ಲ, ಅವತ್ತಿಂದ. ಕೇಳಿ ನೋಡಿ, ಒಂದು ಸೆಕೆಂಡೂ ಸುಮ್ಮನಿರಲ್ಲ.’"

ನನ್ನ ಮಾತನ್ನು ಬೇರೆಯವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿಬಂತು, ನಗುವೂ ಬಂತು.

"ಸರಿ ಇದೆಯಾ?" ಎಂದು ಕೇಳಿದ ಅವನು.

"ಸರಿ ಇದೆ."

"ಹಾಗಾದ್ರೆ ಕೇಳ್ತೀನಿ." ಅವನು ಕಾಗದವನ್ನು ಮತ್ತೆ ಮಡಚಿ ಜೇಬಿಗಿಟ್ಟ. "ಒಂದೂವರೆ ವರ್ಷ ಅಲ್ಲಿರ್ತೀನಿ. ಆ ಸಿನಿಮಾದ ಟೇಪೆಲ್ಲ ನಿಮಗೇ ಕಳಿಸ್ತಾರೆ, ಇನ್ಯಾರೂ ಬೇಡ ಅಂತ ಒಪ್ಪಿಸಿದ್ದೀನಿ. ತಿಂಗಳಿಗೆ ಎರಡು ಸಲ ಟ್ರೈನ್ ಹತ್ತಿ ಬರ್ತೀನಿ. ಮುಗಿದ ಮೇಲೆ... ಇಲ್ಲ, ಮುಗಿಯೋವರೆಗೆ ಯಾಕೆ ಕಾಯ್ಬೇಕು? ನನ್ನ ಮದುವೆ ಆಗ್ತೀರಾ?"

"ಹೌದು" ಎಂದೆ. ಅವನ ಪ್ರಶ್ನೆಯ ಕೊನೆಯ ಅಕ್ಷರ ಇನ್ನೂ ಬಾಯಲ್ಲೇ ಇತ್ತು.

"ಅಪ್ಪನ್ನ ಕೇಳೋದು ಬೇಡ್ವಾ?"

"ಟೈಪ್ ಮಾಡಿ ಕಳಿಸಿರೋರೇ ಅವರು!"

ಅವನು ನಕ್ಕ. ಫೋನಿನಲ್ಲಿ ಕೇಳಿದ್ದ ಅದೇ ನಗು, ಈಗ ಒಂದು ಗೇಣು ದೂರದಲ್ಲಿ. ತಲೆಯ ಮೇಲೆ ಏನೋ ತೂಗಾಡಿದ ಹಾಗಾಯಿತು. ನೋಡಿದರೆ ಬೂಮಣ್ಣನ ಮೈಕು, ಸರಿಯಾಗಿ ನಮ್ಮಿಬ್ಬರ ಮಧ್ಯೆ.

"ಅಣ್ಣಾ, ಈ ಸಲಾನೂ ಆಫ್ ಮಾಡೋಕೆ ಮರೆತ್ರಾ?" ಎಂದು ಕೇಳಿದೆ.

"ವಯಸ್ಸಾಯ್ತಲ್ಲಮ್ಮಾ" ಎಂದರು ಬೂಮಣ್ಣ, ಮೈಕನ್ನು ಒಂದಿಷ್ಟೂ ಅಲ್ಲಾಡಿಸದೆ. ಆಮೇಲೆ ಕೋಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಗಡಿಯಾರ ಅಜ್ಜನ ತೋಳು ಹಿಡಿದು, "ಬನ್ನಿ ಯಜಮಾನ್ರೇ, ಟೀ ಕುಡಿಯೋಣ" ಎಂದು ಹೊರಗೆ ಕರೆದುಕೊಂಡು ಹೋದರು.

*

ಆ ಟೇಪು ಶನಿವಾರ ನನ್ನ ಮೇಜಿಗೇ ಬಂತು. ಬೇರೆ ಯಾರಿಗೆ ಬರಬೇಕು? ನಿಯಮ ನಿಯಮವೇ. ಎಲ್ಲವನ್ನೂ ಬರೆದೆ. ಚಪ್ಪಲಿಯ ಸದ್ದು, ಹನ್ನೆರಡರ ಗದ್ದಲ, ಅವನ ಪ್ರಶ್ನೆ, ನನ್ನ ಉತ್ತರ, ಬೂಮಣ್ಣನ ವಯಸ್ಸು. ಬರೆಯುತ್ತಾ ಎಷ್ಟು ಸಲ ನಕ್ಕೆನೋ, ಪಕ್ಕದ ಕೋಣೆಯಿಂದ ಅಪ್ಪ ಎರಡು ಸಲ ಕೆಮ್ಮಿದರು.

ಸಂಜೆ ಅಪ್ಪ ಟೈಪ್ ಮಾಡಲು ಕೂತರು. ಪುಟ ತಿರುಗಿಸುತ್ತಾ ಬಂದವರು ಕೊನೆಯಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಲ್ಲಿ ‘ಟೀ ಕುಡಿಯೋಣ’ ಆದ ಮೇಲೆ ನೀನು ಅಂಚಲ್ಲಿ ಹಾಕಿರೋ ಟೈಮ್ ಪ್ರಕಾರ ಟೇಪು ಇನ್ನೂ ನಲವತ್ತು ಸೆಕೆಂಡ್ ಓಡಿದೆ. ಪುಸ್ತಕದಲ್ಲಿ ಏನೂ ಇಲ್ವಲ್ಲಮ್ಮಾ?"

ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ರೂಮ್ ಟೋನ್ ಅಪ್ಪಾ."

ಅಪ್ಪ ಒಂದು ಗಳಿಗೆ ನನ್ನ ಬೆನ್ನನ್ನೇ ನೋಡಿದರು ಎಂದು ಕಾಣುತ್ತದೆ. ಆಮೇಲೆ ಕೀಲಿಗಳ ಸದ್ದು ಶುರುವಾಯಿತು. ನಿಧಾನವಾಗಿ, ಒಂದೊಂದೇ ಅಕ್ಷರ. ನಾನು ಮೆಲ್ಲನೆ ಹಿಂದೆ ಹೋಗಿ ಪರದೆಯ ಮೇಲೆ ಇಣುಕಿದೆ.

‘ಈ ಹಂತದಲ್ಲಿ ಸಾಕ್ಷಿಗಳಿಬ್ಬರೂ ನಲವತ್ತು ಸೆಕೆಂಡ್ ಸುಮ್ಮನಿದ್ದರು. ಸ್ಟೆನೋ ಅವರ ಬರೆಯುವ ಕೈ ಬಿಡುವಾಗಿರಲಿಲ್ಲ.’